ದೊರೆಗೆ ವಿಷವಿಟ್ಟವರು ಯಾರು

ಗ್ರೀನಿಚ್
೧೫೫೩, ಜುಲೈ ೨೪

ಪ್ರೀತಿಯ ಮಗಳು ಏವಿಸ್‌ಗೆ,

ನೀನೂ ನಿನ್ನ ಗಂಡನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಎರಡು ವರ್ಷ ಒಂದು ಸಾಲೂ ಬರೆಯದ ಅಪ್ಪ ಈಗ ಯಾಕೆ ಬರೆದ ಎಂದು ನಿನಗೆ ಅನ್ನಿಸಬಹುದು. ತಡವಾಯಿತು, ಕ್ಷಮಿಸು. ನನ್ನ ಆರೋಗ್ಯಕ್ಕೇನೂ ಕೊರತೆಯಿಲ್ಲ. ಔಷಧದ ಅಂಗಡಿ ಮಾತ್ರ ನಾಲ್ಕು ದಿನದಿಂದ ಮುಚ್ಚಿದೆ.

ದೊರೆ ತೀರಿಕೊಂಡ ಸುದ್ದಿ ನಿಮ್ಮ ನಾರಿಚ್‌ಗೂ ಮುಟ್ಟಿರಬೇಕು. ಹದಿನೈದೇ ವರ್ಷ. ಚಳಿಗಾಲದಲ್ಲಿ ಹಿಡಿದ ಕೆಮ್ಮು ಬೇಸಿಗೆ ಬಂದರೂ ಬಿಡಲಿಲ್ಲ. ಈ ತಿಂಗಳ ಮೊದಲಲ್ಲಿ ಅರಮನೆಯ ಕಿಟಕಿಗೆ ಕರೆತಂದು ಜನರಿಗೆ ತೋರಿಸಿದರು. ನಾನೂ ನೋಡಿದೆ. ಬಟ್ಟೆಯೊಳಗೆ ಮೈಯೇ ಇದ್ದಂತಿರಲಿಲ್ಲ. ಆಮೇಲೆ ಸಾವನ್ನೂ ಕೆಲವು ದಿನ ಮುಚ್ಚಿಟ್ಟರು. ಊರು ಸುಮ್ಮನಿರುತ್ತದೆಯೇ? ವಿಷ ಎಂಬ ಮಾತು ದೋಣಿಕಟ್ಟೆಯಿಂದ ರೊಟ್ಟಿಯಂಗಡಿವರೆಗೆ ಹಬ್ಬಿತು. ವೈದ್ಯರನ್ನು ಪಕ್ಕಕ್ಕೆ ಸರಿಸಿ ಯಾವಳೋ ಹೆಂಗಸಿನ ಕೈಗೆ ದೊರೆಯನ್ನು ಒಪ್ಪಿಸಿದ್ದರಂತೆ ಎಂದರು ಕೆಲವರು. ಉಗುರೆಲ್ಲ ಉದುರಿದ್ದವಂತೆ ಎಂದರು ಮತ್ತೆ ಕೆಲವರು. ದೊಡ್ಡವರ ಹೆಸರೆತ್ತಲು ಎಲ್ಲರಿಗೂ ಭಯ. ಕೈಗೆ ಸಿಕ್ಕಿದವಳು ಮಾಡ್ಲಿನ್, ನದಿದಂಡೆಯಲ್ಲಿ ಬೇರು, ಸೊಪ್ಪು ಮಾರುವ ಮುದುಕಿ. ಮೇ ತಿಂಗಳಲ್ಲಿ ಅವಳು ಬುಟ್ಟಿ ಹಿಡಿದು ಅರಮನೆಯ ಹಿಂಬಾಗಿಲಲ್ಲಿ ನಿಂತಿದ್ದನ್ನು ಯಾರೋ ಕಂಡಿದ್ದರಂತೆ.

ದೋಣಿ ನಡೆಸುವ ಗೈಲ್ಸ್ ಹತ್ತು ಜನರನ್ನು ಕಟ್ಟಿಕೊಂಡು ಅವಳ ಸೀಸೆಯೊಂದನ್ನು ನನ್ನ ಅಂಗಡಿಗೆ ತಂದ.

"ಯಜಮಾನ್ರೇ, ಔಷ್ಧಿ ವಿಷ್ಯ ನಿಮ್ಗಿಂತ ಬಲ್ಲೋರಿಲ್ಲ. ಇದ್ರಲ್ಲಿ ಏನೈತೆ, ಮೂಸಿ ಹೇಳಿ."

ಮೂಸಿದೆ. ಕಹಿ ಘಾಟು. ಯಾವ ಬೇರು ಎಂದು ಗೊತ್ತಾಗಲಿಲ್ಲ. ಅಷ್ಟು ಜನರೆದುರು ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, "ಒಳ್ಳೇದಂತೂ ಅಲ್ಲ" ಎಂದುಬಿಟ್ಟೆ. ಅಷ್ಟೇ ಸಾಕಾಯಿತು. ಆ ಮಧ್ಯಾಹ್ನವೇ ಅವಳ ಗುಡಿಸಲು ಕಿತ್ತುಹಾಕಿ, ಅವಳನ್ನು ಊರಾಚೆ ಅಟ್ಟಿದರು. ನನ್ನ ಬಾಗಿಲ ಮುಂದೆ ಹಾಯುವಾಗ ಆಕೆ ಒಂದು ಗಳಿಗೆ ನಿಂತಳು.

"ಅದು ನನ್ ಮಂಡಿನೋವಿನ ಔಷ್ಧಿ ಕಣಪ್ಪ. ದಿನಾ ನಾನೇ ಕುಡೀತೀನಿ."

ಮೂರು ದಿನದ ಮೇಲೆ ಲ್ಯಾಂಬರ್ಟ್ ಬಂದ. ನನ್ನ ಹಳೆಯ ಗೆಳೆಯ. ಶಸ್ತ್ರವೈದ್ಯರ ಕೈಕೆಳಗೆ ಕೆಲಸ. ದೊರೆಯ ದೇಹವನ್ನು ಕೊಯ್ದು ನೋಡಿದಾಗ ಇವನೂ ಅಲ್ಲಿದ್ದನಂತೆ. ಬಾಗಿಲು ಹಾಕಿ, ವಿಷವೇ ಎಂದು ಕೇಳಿದೆ.

"ಶ್ವಾಸಕೋಶ ಕೊಳೆತು ತೂತು ಬಿದ್ದಿತ್ತು ಕಣೋ. ಕಾಯಿಲೆ ಒಳಗೆ ಸೇರಿ ಬಹಳ ದಿನ ಆಗಿರ್ಬೇಕು. ಯಾವ ಸೀಸೆನೂ ಹಾಗ್ ಮಾಡಲ್ಲ."

ಇವನಿಗೂ ಯಾರಾದರೂ ಹೇಳಿಕೊಟ್ಟು ಕಳಿಸಿರಬಹುದೇ ಎಂದು ಅವನ ಮುಖವನ್ನೇ ನೋಡಿದೆ. ಅವನು ಅಳುತ್ತಿದ್ದ. ನಂಬಿದೆ.

ಮರುದಿನ ದೋಣಿಕಟ್ಟೆಗೆ ಹೋಗಿ, ಮಾಡ್ಲಿನ್‌ಳದೇನೂ ತಪ್ಪಿಲ್ಲ, ತಿಳಿಯದೆ ಮಾತಾಡಿದವನು ನಾನು ಎಂದೆ. ಯಾರೂ ಬೈಯಲಿಲ್ಲ. ಗೈಲ್ಸ್ ಹಗ್ಗ ಸುತ್ತುತ್ತ, ತಲೆಯೆತ್ತದೆ ಕೇಳಿದ: "ಹಿಂಗಂತ ಹೇಳು ಅಂತ ಅರಮನೆಯಿಂದ ಯಾರ್ ಬಂದಿದ್ರು, ಯಜಮಾನ್ರೇ?"

ಅಂದಿನಿಂದ ನನ್ನ ಔಷಧವನ್ನು ಯಾರೂ ಮುಟ್ಟುತ್ತಿಲ್ಲ. ಎದುರುಮನೆಯವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ.

ನಾಳೆ, ಅವಳನ್ನು ಅಟ್ಟಿದ ಎಲ್ಟಮ್ ದಾರಿ ಹಿಡಿದು ಮಾಡ್ಲಿನ್‌ಳನ್ನು ಹುಡುಕಲು ಹೊರಟಿದ್ದೇನೆ. ಬರಲೊಪ್ಪಿದರೆ ಹಿಂದಿನ ಕೋಣೆ ಬಿಟ್ಟುಕೊಡುತ್ತೇನೆ. ದೇವರು ನಿಮ್ಮಿಬ್ಬರನ್ನೂ ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ತಂದೆ,
ಆಂಬ್ರೋಸ್ ಪೆಲ್

ಸಹಿ ಮಾಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸಂಜೆಗೆ ಏರುವ ಜ್ವರ, ಕೆಂಪಡರಿದ ಕೆನ್ನೆ, ಕಫದಲ್ಲಿ ರಕ್ತ ಎಂದು ಲ್ಯಾಂಬರ್ಟ್ ದೊರೆಯ ಕಾಯಿಲೆಯನ್ನು ಹೇಳುತ್ತ ಹೋದಂತೆ ನಿನ್ನ ಅಮ್ಮ ಕಣ್ಣ ಮುಂದೆ ಬಂದಳು. ಅವಳ ಕೊನೆಯ ದಿನ ನಾನು ನಿನ್ನ ಕೈಯಿಂದ ಕಷಾಯದ ಲೋಟ ಕಿತ್ತುಕೊಂಡು, ಬಂಧುಗಳೆಲ್ಲರ ಮುಂದೆ, ಇದರಲ್ಲಿ ಏನು ಬೆರೆಸಿದೆ ಎಂದು ಕೇಳಿದೆ. ನೀನು ಉತ್ತರ ಕೊಡದೆ ಮನೆ ಬಿಟ್ಟೆ.

ಜೇನು ತಾನೇ, ಮಗಳೇ?