ಅಬಿ ಬಂದ ವರ್ಷ

೧೯೮೩, ನವೆಂಬರ್ ೩೦
ಸಂಜೆ

ಪ್ರೀತಿಯ ಟೆಟ್ಸುರೋ ಅವರೇ,

ಕುರೆ ಬಂದರಿನಿಂದ ನೀವು ಬರೆದ ಕಾಗದ ತಲುಪಿತು. ಹೊಸ ವೇಗದ ಬೋಟಿಗೆ ನಿಮ್ಮನ್ನೇ ಚಾಲಕರಾಗಿ ಮಾಡುತ್ತಾರಂತೆ. ನಮ್ಮ ಜಲಸಂಧಿ ತೆರೆದರೆ ಬೋಟು ಈ ದ್ವೀಪದಲ್ಲೇ ತಂಗುತ್ತದೆ, ನೀವು ದಿನವೂ ಮನೆಯಲ್ಲೇ ಮಲಗಬಹುದು ಎಂದು ಬರೆದಿದ್ದೀರಿ. ಅತ್ತೆ ಆ ಸಾಲುಗಳನ್ನು ನನ್ನಿಂದ ಮತ್ತೆ ಮತ್ತೆ ಓದಿಸಿಕೊಂಡರು. ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿದರು. ಪರ್ಸಿಮನ್ ಹಣ್ಣು ಸುಲಿದು ಒಣಗಲು ಸೂರಿಗೆ ಕಟ್ಟಿದ್ದೂ ಆಯಿತು. ನನಗೆ ಮಾತ್ರ ಮೈಯೆಲ್ಲ ದಣಿವು.

ಅಕ್ಟೋಬರಿನಿಂದ ಬೆಳಗಾದರೆ ಭೂಶಿರದ ಕಾವಲು ಗುಡಿಸಲಲ್ಲಿ ದುರ್ಬೀನು ಹಿಡಿದು ಕೂರುತ್ತಿದ್ದೇನೆ. ಮಾತಾಡಬೇಕಿಲ್ಲದ ಕೆಲಸವೆಂದು ನಾನೇ ಕೇಳಿ ಪಡೆದದ್ದು. ಉತ್ತರದಿಂದ ಅಬಿ ಹಕ್ಕಿಗಳು ಬಂದು ಇಲ್ಲಿ ಇಳಿದರೆ, ಅವು ಬೆದರದಂತೆ ವಸಂತದವರೆಗೆ ಜಲಸಂಧಿಯಲ್ಲಿ ಯಾರೂ ಎಂಜಿನ್ ಹಾಕುವಂತಿಲ್ಲ, ಹುಟ್ಟು ಹಾಕಿಯೇ ದಾಟಬೇಕು. ನಿಮಗಿದನ್ನು ಹೇಳಬೇಕೇ? ಅವು ಮುಳುಗಿ ಅಟ್ಟಿದ ಸಣ್ಣ ಮೀನಿಗೆ ದೊಡ್ಡ ಮೀನು ಮುತ್ತುವಲ್ಲಿ ಗಾಳ ಬಿಟ್ಟೇ ಮಾವ ನಿಮ್ಮನ್ನು ಬೆಳೆಸಿದ್ದು. ಆದರೆ ಎರಡು ವರ್ಷದಿಂದ ಅವು ಬಂದಿರಲಿಲ್ಲ. ಈ ನವೆಂಬರ್ ಮುಗಿಯುವುದರೊಳಗೂ ಕಾಣದಿದ್ದರೆ ಜಲಸಂಧಿಯನ್ನು ನಿಮ್ಮ ಬೋಟಿಗೆ ತೆರೆಯುವುದೆಂದು ಮೀನುಗಾರರ ಸಂಘ ತೀರ್ಮಾನಿಸಿತ್ತು.

ಮೊನ್ನೆ ಅತ್ತೆ ಅನ್ನದುಂಡೆ ತಂದಾಗ ನೀರಿನ ಮೇಲೆ ಮೂರು ಹಕ್ಕಿಗಳಿದ್ದವು. ಬಿಳಿಯ ಕತ್ತು, ತಗ್ಗಿ ತೇಲುವ ಮೈ. ದುರ್ಬೀನು ಕೊಡಹೋದೆ. ಅವರಿಗೆ ಅದು ಬೇಕಾಗಲಿಲ್ಲ. ಅಬಿ ಕಂಡಾಗ ಇಲ್ಲಿ ಎಲ್ಲರೂ ಮಾಡುವಂತೆ ಮುಗಿಯಲು ಎತ್ತಿದ ಕೈಗಳನ್ನು ಅರ್ಧದಲ್ಲೇ ಇಳಿಸಿದರು.

“ಅದು ನೀರುಕಾಗೆ ಕಣೇ,” ಅಂದರು.

“ನೀರುಕಾಗೆ ಬಂಡೆ ಮೇಲೆ ರೆಕ್ಕೆ ಒಣಗಿಸ್ತಾ ಕೂರುತ್ತಲ್ಲ ಅತ್ತೆ? ಇವು ನೀರು ಬಿಟ್ಟು ಏಳ್ತಾನೇ ಇಲ್ಲ.”

“ಓದಿದೋಳು ನೀನು, ನಿಂಗೆಲ್ಲಾ ಗೊತ್ತು! ನಾನು ನೀರುಕಾಗೆ ಅಂದ್ರೆ ನೀರುಕಾಗೆ. ಒಂದ್ ವರ್ಷ ಸುಳ್ಳು ಹೇಳಿದ್ರೆ ಹಕ್ಕಿಗೇನು ಗೊತ್ತಾಗುತ್ತಾ? ಗಂಡ ಮನೆಗೆ ಬರೋದು ಬೇಡ್ವಾ ನಿಂಗೆ?”

ನಾನು ಅನ್ನದುಂಡೆ ತಿಂದೆ. ನಿನ್ನೆಯೂ ಯಾರಿಗೂ ಹೇಳಲಿಲ್ಲ.

ಇವತ್ತು ಸಂಘದ ಸಭೆ. ಅಧ್ಯಕ್ಷರಾದ ಕಾನ್‌ಜಿ ಅಜ್ಜ ನನ್ನನ್ನೇ ಮೊದಲು ಹಿಡಿದರು. “ಏನಮ್ಮಾ ಮಿಯೋ, ಕಾವಲಿಗೆ ಕೂರಿಸಿದ್ರೆ ಗೊರಕೆ ಹೊಡೀತಿದ್ಯಂತೆ? ಹಕ್ಕಿ ಬಂದ್ವಾ, ಇಲ್ವಾ?” ಎಲ್ಲರೂ ನಕ್ಕರು.

“ಎಲ್ಲಿ ಬಂತು? ಬರೀ ನೀರುಕಾಗೆ,” ಎಂದು ಅತ್ತೆ ಪಕ್ಕದಿಂದಲೇ ಹೇಳಿಬಿಟ್ಟರು.

“ನಿನ್ನ ಸೊಸೇನ ಕೇಳಿದ್ದು ಇಸೋ, ನಿನ್ನನ್ನಲ್ಲ.”

ಆ ಸಭೆಯಲ್ಲಿ ಇದುವರೆಗೆ ಯಾರೂ ನನ್ನ ಧ್ವನಿ ಕೇಳಿರಲಿಲ್ಲ. “ಬಂದಿವೆ ಅಜ್ಜ,” ಎಂದೆ. “ಮೂರು.”

ಹಾಗಾಗಿ ಜಲಸಂಧಿ ತೆರೆಯುವುದಿಲ್ಲ. ನೀವು ಬರುವುದಿಲ್ಲ. ಅತ್ತೆ ಮನೆಗೆ ಬಂದು ಕಿಟಕಿ ತೆರೆದು, ಸಮುದ್ರದ ಕಡೆಗೆ ಬಹಳ ಹೊತ್ತು ಕೈಮುಗಿದು ನಿಂತರು. ನಿಮಗಾಗಿ ಬೇಡಿಕೊಂಡರೋ, ಆ ಹಕ್ಕಿಗಳಲ್ಲಿ ಕ್ಷಮೆ ಕೇಳಿದರೋ ನನಗೆ ತಿಳಿಯಲಿಲ್ಲ. ಕೇಳುವ ಶಕ್ತಿಯೂ ಇರಲಿಲ್ಲ.

ಕೋಪ ಮಾಡಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಕಾಗದ ಬರೆಯುವುದನ್ನು ನಿಲ್ಲಿಸಬೇಡಿ. ಒಬ್ಬರೇ ಇದ್ದು ನಿಮಗೆಷ್ಟು ಸಾಕಾಗಿದೆಯೋ, ನನಗೂ ಅಷ್ಟೇ ಸಾಕಾಗಿದೆ.

ನಿಮ್ಮ
ಮಿಯೋ

ತಾ.ಕ.: ಒಂದನ್ನು ಬರೆಯದೆ ಬಿಟ್ಟಿದ್ದೆ. ಮೊನ್ನೆ ಅತ್ತೆ ಹೋದ ಮೇಲೆ ನಾನು ನೀರಿನ ಅಂಚಿನವರೆಗೆ ಇಳಿದು ಹೋದೆ. ಈ ದ್ವೀಪದಲ್ಲಿ ಚಿಕ್ಕ ಮಕ್ಕಳೂ ಮಾಡದ ಕೆಲಸ ಮಾಡಿದೆ. ಅವುಗಳತ್ತ ಕಲ್ಲು ಬೀಸಿದೆ. ಹೋಗಿ, ಬೇರೆ ಎಲ್ಲಿಗಾದರೂ ಹೋಗಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಮೂರೂ ಮುಳುಗಿದವು. ದೂರ ಹೋಗಿ ಏಳಲಿ ಎಂದು ಕಾದು ನಿಂತೆ. ಎದ್ದವು, ನನಗೆ ಇನ್ನಷ್ಟು ಹತ್ತಿರದಲ್ಲಿ.