ಪೈಲವಾನನ ಮೈ ಸಡಿಲಿಸಿದ್ದು

ಹದಿಮೂರನೆಯ ತಿಂಗಳ ನಾಲ್ಕು, ೨೩೧೪
ಘಟಪ್ರಭೆಯ ದಂಡೆ

ಹಿಂದಿನ ಕಾಲದ ನಮ್ಮ ಹಿರಿಯರಿಗೆ,

ಈ ಕಥೆಯನ್ನು ಮೊದಲು ಹೇಳಿದವರು ಅರಿವಳಿಕೆ ವೈದ್ಯೆ ಹಮೀದಾ. ನನ್ನ ಅಜ್ಜಿ ಇನ್ನೂ ಲಂಗ ತೊಡುತ್ತಿದ್ದ ಕಾಲ. ಮರುದಿನ ಶಸ್ತ್ರಚಿಕಿತ್ಸೆಗೆ ಹೋಗಬೇಕಾದವರು ಸಂಜೆಯ ಗಂಜಿ ಕುಡಿದು, ಅಂಜಿಕೊಂಡು ವಾರ್ಡಿನಲ್ಲಿ ಕೂತಿದ್ದಾಗ ಹೇಳಿದ್ದು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ನಿಮಗೆ ಗೊತ್ತಿಲ್ಲದ ಮಾತು ನಡುವೆ ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಯಾರಿಗೇ ಶಸ್ತ್ರಚಿಕಿತ್ಸೆಯಾದರೂ ಮನೆಯವರೊಬ್ಬರು ಕೈಕಾಲು ತೊಳೆದು, ಹಸಿರು ನಿಲುವಂಗಿ ತೊಟ್ಟು ಅವರ ತಲೆಯ ಬಳಿ ಕೂರುತ್ತಾರೆ. ಇವರಿಗೆ ಮೈಕಾವಲು ಎನ್ನುತ್ತೇವೆ. ಮಲಗಿದವರ ಪರವಾಗಿ ಹೂಂ ಎನ್ನುವ, ಉಹೂಂ ಎನ್ನುವ ಹಕ್ಕು ಇವರದು. ಇನ್ನೊಂದು ಮಾತು ಸಡಿಲಾಳ. ಸ್ನಾಯುಗಳು ಎಷ್ಟು ಆಳಕ್ಕೆ ಸಡಿಲವಾಗಿವೆ ಎಂಬುದರ ಅಳತೆ ಅದು. ಪುಟ್ಟ ಯಂತ್ರವೊಂದು ಮಣಿಕಟ್ಟಿನ ನರವನ್ನು ತಟ್ಟುತ್ತದೆ. ಹೆಬ್ಬೆರಳು ಕುಣಿದರೆ ಮೈಯಲ್ಲಿ ಬಿಗಿ ಉಳಿದಿದೆ ಎಂದರ್ಥ.

ಬರಮಪ್ಪ ಹಳೆಯ ಪೈಲವಾನ. ಪಿತ್ತಕೋಶದ ತುಂಬ ಕಲ್ಲು. ಕತ್ತರಿಗೆ ಅವನು ಅಂಜಲಿಲ್ಲ, ಸಡಿಲಿಸುವ ಮದ್ದಿಗೆ ಅಂಜಿದ.

“ಡಾಕ್ಟರವ್ವಾ, ನಿದ್ದಿ ಬರಸ್ರಿ, ಕೊಯ್ರಿ, ಏನರೆ ಮಾಡ್ರಿ. ಮೈ ಮಾತ್ರ ಪೂರಾ ಸಡ್ಲ ಬಿಡಬ್ಯಾಡ್ರಿ. ಅಖಾಡದಾಗ ಯಾರ ಮುಂದೂ ಬಿಟ್ಟಾಂವ ಅಲ್ಲ ನಾ.”

“ಹೊಟ್ಟ್ಯಾಗಿನ ಕಲ್ಲಿನ ಕೂಡ ಕುಸ್ತಿ ಹಿಡಿತಿಯೇನಪಾ?” ಎಂದು ಮಗಳು ಕಾಶವ್ವ ನಕ್ಕಳು. ಅವನು ನಗಲಿಲ್ಲ. ಮೈಕಾವಲಿಗೆ ಕೂರುವವಳು ಅವಳೇ. ಮೈ ಪೂರಾ ಸಡಿಲಿಸಲು ಬಿಡುವುದಿಲ್ಲವೆಂದು ಅವಳಿಂದ ತನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡ.

ಹಮೀದಾ ನಿದ್ದೆಯ ಮದ್ದು ಪೂರ್ತಿ ಕೊಟ್ಟು, ಸಡಿಲಿಸುವ ಮದ್ದನ್ನು ಕೊಂಚವೇ ಕೊಟ್ಟರು. ನಿದ್ದೆ ಬಂತು. ನೋವಿನ ಮದ್ದೂ ಬೇಕಾದಷ್ಟು ಕೊಟ್ಟಿದ್ದರು. ಆದರೆ ಒಳಗೆ ಕಾಣಲೆಂದು ಹೊಟ್ಟೆಗೆ ಗಾಳಿ ತುಂಬಿದರೆ ಹೊಟ್ಟೆ ಹಲಗೆಯಂತೆ ಬಿಗಿಯಿತು. ಗಾಳಿಯ ಒತ್ತಡ ಏರಿಸಬೇಕಾಯಿತು. ಎದೆಬಡಿತ ಓಡತೊಡಗಿತು, ರಕ್ತದೊತ್ತಡ ಮೇಲಕ್ಕೆ ಹೋಯಿತು.

“ಅಪ್ಪಗ ಎಚ್ಚರ ಐತೇನ್ರಿ?”

“ಇಲ್ಲವಾ. ಅವರು ಮಲಗ್ಯಾರ, ಮೈ ಮಲಗಿಲ್ಲ. ಯಾರೋ ಮ್ಯಾಲ ಬಿದ್ದಾರಂತ ತಿಳಕೊಂಡು ಹೊಡದಾಡಾಕತ್ತೈತಿ. ಸಡಿಲಾಳ ಹೆಚ್ಚಿಸಿದ್ರ ಕಡಿಮಿ ಗಾಳಿ ಸಾಕು, ಹೊಡದಾಟನೂ ತಗ್ಗಬಹುದು. ವಯಸ್ಸಾದ ಎದಿ, ಭಾಳೊತ್ತು ತಾಳೂದಿಲ್ಲ. ನೀ ಏನಂತಿ?”

ಕಾಶವ್ವನ ಕೈ ತಂದೆಯ ತಲೆಯ ಮೇಲೆಯೇ ಇತ್ತು. ಆಣೆ ಮುರಿದರೆ ಅಪ್ಪ ಮತ್ತೆ ತನ್ನ ಕೂಡ ಮಾತಾಡುತ್ತಾನೋ ಇಲ್ಲವೋ. ಉಳಿಸಿಕೊಂಡರೆ ಮಾತಾಡಲು ಅಪ್ಪನೇ ಇರುತ್ತಾನೋ ಇಲ್ಲವೋ. ಅವಳು ಬಾಗಿ ಅವನ ಕಿವಿಯಲ್ಲಿ ಹೇಳಿದಳು: “ಅಪ್ಪಾ, ಎದುರಾಳಿ ಹೋದ. ಅಖಾಡ ಖಾಲಿ ಐತಿ. ಹೊರಗ ಬಾ ಇನ್ನ.” ಆಮೇಲೆ ತಲೆಯೆತ್ತಿ, “ಸಡ್ಲ ಬಿಡ್ರಿ” ಎಂದಳು.

ಮದ್ದು ಹೋಯಿತು. ಹೆಬ್ಬೆರಳಿನ ಕುಣಿತ ನಿಂತಿತು. ಹೊಟ್ಟೆ ನಾದಿದ ಹಿಟ್ಟಿನಂತೆ ಮೆತ್ತಗಾಯಿತು. ಗಾಳಿ ಇಳಿಸಿದರು, ಎದೆಬಡಿತ ಹಾದಿಗೆ ಬಂತು. ಇದು ಮದ್ದಿನ ಕೆಲಸ ಎಂದರು ಹಮೀದಾ. ಕಾಶವ್ವ ವಾದಿಸಲಿಲ್ಲ.

ಕೆಲಸ ಮುಗಿದ ಮೇಲೆ ಸಡಿಲಿಕೆ ಇಳಿಸುವ ಮರುಮದ್ದು ಕೊಟ್ಟು, ಹೆಬ್ಬೆರಳು ಮೊದಲಿನಂತೆ ಕುಣಿಯುವವರೆಗೂ ಕಾದು, ಅವನನ್ನು ಎಬ್ಬಿಸಿದರು.

“ಪೂರಾ ಸಡ್ಲ ಬಿಟ್ರೇನು?” ಎಂದ ಬರಮಪ್ಪ.

“ಹೂಂನಪಾ. ನಾನ ಹೇಳಿದೆ.”

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ಎದ್ದು ಹೋಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವನ ಕೈ ಹಾಸಿಗೆಯ ಮೇಲೆ ತಡಕಾಡಿ ಅವಳ ಕೈ ಹಿಡಿಯಿತು. “ನಿನ್ನ ಮುಂದಾದ್ರ ಅಡ್ಡಿಯಿಲ್ಲ ಬಿಡು.” ಆ ಹಿಡಿತಕ್ಕೆ ಕಾಶವ್ವ ‘ಅಯ್ಯಯ್ಯವ್ವಾ’ ಎಂದಳಂತೆ.

ಹಿರಿಯರೇ, ನಿಮ್ಮ ಕಾಲದಲ್ಲಿ ಮನೆಯವರನ್ನು ಒಳಗೆ ಬಿಡುವುದಿಲ್ಲವೆಂದು ಕೇಳಿದ್ದೇನೆ. ಹಾಗಿದ್ದರೆ ಬಾಗಿಲಲ್ಲೇ ಕಿವಿಯಲ್ಲೊಂದು ಮಾತು ಹೇಳಿ ಕಳಿಸಿ. ನನ್ನ ಕೋರಿಕೆ ಇಷ್ಟೇ.

ಹಮೀದಾ ಕಥೆ ಹೇಳಿದ ಮರುದಿನ ಬೆಳಗ್ಗೆ, ಕೇಳಿದವರೆಲ್ಲ ತಂತಮ್ಮ ಮೈಕಾವಲಿಗೆ ಮಾತು ಕಲಿಸತೊಡಗಿದರು. “ಮಗ್ಗ ನಿಂತೈತಿ ಅನ್ನು, ನಂಬತೀನಿ” ಎಂದ ಒಬ್ಬ ನೇಕಾರ. ಬಾಣಂತಿಯೊಬ್ಬಳು ಗಂಡನಿಗೆ, “ಕೂಸು ಮಲಗೇತಿ ಅಂತ ಹೇಳ್ರಿ” ಎಂದಳು. ಹೆಗಲ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದ ಕೂಸನ್ನು ತಟ್ಟುತ್ತ ಅವನು ಹೂಂ ಎಂದ.