ನಡೆಯುತ್ತ ಟೈಪಿಸುವ ಮೇಜು

ತಿಪಟೂರು
೧೪ ನವೆಂಬರ್

ಯೋಗಿತಾಳ ಅಪ್ಪನಿಗೆ,

ವನಜಾಕ್ಷಿಯ ವಂದನೆಗಳು. ಯಾವತ್ತೂ ಇಲ್ಲದೆ ಕಾಗದ ಬಂತೆಂದು ಗಾಬರಿಯಾಗಬೇಡಿ, ನಾನೂ ಮಗಳೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನಾವಿಬ್ಬರೂ ಮೋಟಾರು, ಬೆಲ್ಟು, ವೈರು ಅಂತ ಮಾತಾಡಿ ಇಟ್ಟುಬಿಡುತ್ತೇವೆ. ಹೇಳಬೇಕಾದ್ದು ಉಳಿದೇ ಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆ. ಸ್ಕ್ಯಾನ್ ಮಾಡಿ, ಎಡಗಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಪೂರ್ತಿ ಕರಗಿದೆ ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಅಪ್ಪನಿಗೆ ಫೋನ್ ಮಾಡಲಾ ಎಂದು ಯೋಗಿತಾ ಕೇಳಿದಳು. ಬೇಡ, ನಾನೇ ತಿಳಿಸುತ್ತೇನೆ ಅಂದೆ.

ಆಷಾಢದಲ್ಲಿ ಕಾಲು ಬಾತುಕೊಂಡು, ದಿನವಿಡೀ ಕೂತು ಮಾಡುವ ಕೆಲಸ ಇನ್ನು ಆಗದು ಎಂದು ಇದೇ ಡಾಕ್ಟರು ಹೇಳಿದಾಗ ನನಗೆ ಮೊದಲು ನೆನಪಾದವರು ನೀವು. ಪ್ರೀತಿಯಿಂದಲ್ಲ, ಸಿಟ್ಟಿನಿಂದ. ತಾಲ್ಲೂಕು ಕಚೇರಿ ಎದುರಿನ ನನ್ನ ಟೈಪಿಂಗ್ ಅಂಗಡಿ ಮುಚ್ಚಿ ಹುಳಿಯಾರಿಗೆ ಬಾ, ವೆಲ್ಡಿಂಗ್ ಶೆಡ್ಡಿನ ದುಡಿಮೆ ಎಲ್ಲರಿಗೂ ಸಾಕು ಎಂದು ನೀವು ಹಟ ಹಿಡಿದದ್ದಕ್ಕೇ ಅಲ್ಲವೇ ನಾವು ಬೇರೆಯಾದದ್ದು? ನಾನು ಮುಚ್ಚಲಿಲ್ಲ, ನೀವು ಇಲ್ಲಿ ಉಳಿಯಲಿಲ್ಲ. ಮೂರು ವರ್ಷ ಕಳೆದ ಮೇಲೆ ನನ್ನ ಕಾಲೇ ನಿಮ್ಮ ಕಡೆ ಸೇರಿಕೊಂಡಿತು ಅನ್ನಿಸಿತು. ಯೋಗಿತಾ ಸುದ್ದಿ ಹೇಳಿದಾಗ, ನಾನು ಅವತ್ತೇ ಹೇಳಿರಲಿಲ್ಲವಾ ಎನ್ನುತ್ತೀರೆಂದು ಕಾದಿದ್ದೆ.

ನೀವು ಅನ್ನಲಿಲ್ಲ. ಆ ಭಾನುವಾರ ಗೂಡ್ಸ್ ಆಟೊದಲ್ಲಿ ಹಳೆಯದೊಂದು ಟ್ರೆಡ್‌ಮಿಲ್ ತಂದು ಅಂಗಡಿ ಮುಂದೆ ಇಳಿಸಿದಿರಿ. ಯಾರೋ ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರಂತೆ.

“ಕೂರ್ಬಾರ್ದು ಅಂದವ್ರೆ. ಟೈಪ್ ಮಾಡ್ಬಾರ್ದು ಅಂದಿಲ್ವಲ್ಲ,” ಅಂದಿರಿ.

ಮೊದಲು ಅದರ ಕಂಬಿಗಳಿಗೇ ಕಬ್ಬಿಣದ ಪಟ್ಟಿ ಬೆಸೆದು ಹಲಗೆ ಕೂರಿಸಿದಿರಿ. ನಾನು ಹೆಜ್ಜೆ ಇಟ್ಟಾಗಲೆಲ್ಲ ಕೀಬೋರ್ಡು ನಡುಗಿ, ಕೆಂಪಯ್ಯ ಎಂದು ಟೈಪಿಸಿದರೆ ಕಂಪಯ್ಯ ಎಂದು ಬಂತು. ಅದನ್ನು ಓದಿ ನೀವು ನಕ್ಕಿರಿ, ನಾನೂ ನಕ್ಕೆ. ನಾವು ಜೊತೆಗೆ ನಕ್ಕು ಎಷ್ಟು ಕಾಲವಾಗಿತ್ತೋ. ಮುಂದಿನ ವಾರ ಹಲಗೆಯನ್ನು ಯಂತ್ರದಿಂದ ಬಿಡಿಸಿ, ಅದಕ್ಕೆ ಬೇರೆ ಕಬ್ಬಿಣದ ಕಾಲುಗಳನ್ನು ಕೊಟ್ಟು ನೆಲಕ್ಕೇ ಬೋಲ್ಟ್ ಮಾಡಿದಿರಿ. ನಡುಕ ನಿಂತಿತು. ಆದರೆ ಬೆಲ್ಟಿನ ವೇಗ ಜಾಸ್ತಿ. ನಾನು ಜಾರಿ ಬಿದ್ದು ಮಂಡಿ ತರಚಿಕೊಂಡೆ. ನೋವಿಗಿಂತ ಅವಮಾನ ಹೆಚ್ಚಾಗಿ, ಈ ಹುಚ್ಚಾಟ ಸಾಕು, ಎತ್ತಿಕೊಂಡು ಹೋಗಿ ಎಂದು ಬೀದಿಯವರಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಮೊದಲಾಗಿದ್ದರೆ ನೀವೂ ತಿರುಗಿ ಕೂಗಾಡುತ್ತಿದ್ದಿರಿ. ಈ ಸಲ ಕಾಯಿ ಸುಲಿಯುವ ಯಂತ್ರದಿಂದ ಬಿಚ್ಚಿದ ದೊಡ್ಡ ಪುಲ್ಲಿಯನ್ನು ತಂದು ಜೋಡಿಸಿ ವೇಗ ಇಳಿಸಿದಿರಿ. ಎಳೆದರೆ ತಕ್ಷಣ ನಿಲ್ಲಲೆಂದು ಒಂದು ದಾರವನ್ನೂ ಕಟ್ಟಿದಿರಿ. ಆದರೂ ನನಗೆ ಹತ್ತಲು ಧೈರ್ಯವಿರಲಿಲ್ಲ.

“ನಡಿ. ಬಿದ್ರೆ ಹಿಡ್ಕೊಳ್ಳಕ್ಕೆ ಹಿಂದೇನೇ ನಿಂತಿದೀನಿ ಕಣೇ.”

ನಡೆದೆ. ಯಾರದೋ ಆಸ್ತಿಯ ವಿಭಾಗಪತ್ರ ಟೈಪಿಸುತ್ತ, ನಡೆಯುತ್ತಿದ್ದೇನೆ ಎಂಬುದೇ ಮರೆತುಹೋಯಿತು. ಪುಟ ಮುಗಿಸಿ ತಿರುಗಿ ನೋಡಿದರೆ ನೀವು ಇನ್ನೂ ಎರಡೂ ಕೈ ಚಾಚಿಕೊಂಡೇ ನಿಂತಿದ್ದಿರಿ. ಆವತ್ತು ಕಾಫಿ ತರಿಸುತ್ತೇನೆಂದು ಹೊರಗೆ ಹೋಗಿಬಿಟ್ಟೆ.

ಈಗ ಕಚೇರಿಗೆ ಬಂದವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಾರೆ. ತುರುವೇಕೆರೆ ಕಡೆಯಿಂದ ಬಂದಿದ್ದ ಚಿಕ್ಕಗೌರಮ್ಮ ಎಂಬ ಅಜ್ಜಿ ನಾನು ನಡೆಯುವುದನ್ನು ಕಂಡು, “ಎಲ್ಲಿಗ್ ಹೊಂಟೆ ತಾಯಿ, ನನ್ ಅರ್ಜಿ ಮಾಡ್ಕೊಟ್ಟು ಹೋಗು,” ಅಂದರು. ಎಲ್ಲಿಗೂ ಹೋಗಲ್ಲ, ಇಲ್ಲೇ ಇರುತ್ತೀನಿ ಎಂದು ಹೇಳಿ ಅವರ ಅರ್ಜಿ ಶುರುಮಾಡಿದೆ.

ನೀವು ಸುಮ್ಮನೆ ಇದ್ದಿದ್ದರೆ ಸಾಕಿತ್ತು, ನಿಮ್ಮ ಇಷ್ಟದಂತೆ ಅಂಗಡಿ ತಾನಾಗಿ ಮುಚ್ಚಿಹೋಗುತ್ತಿತ್ತು. ನೀವು ಸುಮ್ಮನೆ ಇರಲಿಲ್ಲ. ನನ್ನ ಕಾಲನ್ನು ಉಳಿಸಿದಿರಿ, ಅದಕ್ಕೆ ಡಾಕ್ಟರೂ ಇದ್ದರು ಅನ್ನಿ. ನನ್ನ ಕೆಲಸವನ್ನು ಉಳಿಸಿದವರು ನೀವೊಬ್ಬರೇ. ಇದನ್ನು ಯಾವತ್ತೂ ಮರೆಯುವುದಿಲ್ಲ.

ಮೇಜಿನ ಕೆಲಸವೆಲ್ಲ ಮುಗಿಯಿತು. ಇನ್ನು ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು ದಣಿಯಬೇಕಾಗಿಲ್ಲ ಎಂದು ಬರೆಯುವುದು ನ್ಯಾಯ. ಬರೆದಿದ್ದೇನೆ. ಬೆಸುಗೆ ಹಾಕುವಾಗ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಋಣಿಯಾಗಿರುವ,
ವನಜಾಕ್ಷಿ

ಮರೆತ ಮಾತು: ಹೋದ ಭಾನುವಾರ ಬೆಲ್ಟು ಜಾರುತ್ತಿದೆ, ತಕ್ಷಣ ಬನ್ನಿ ಎಂದು ಫೋನ್ ಮಾಡಿದ್ದೆನಲ್ಲ, ಅದು ಜಾರುತ್ತಿರಲಿಲ್ಲ. ಎಲ್ಲಾ ಬಿಚ್ಚಿ ನೋಡಿದ ನಿಮಗೂ ಅದು ತಿಳಿದಿರಬೇಕು, ಆದರೂ ಸಂಜೆಯವರೆಗೆ ರಿಪೇರಿ ಮಾಡಿದಿರಿ. ಈ ಭಾನುವಾರ ಏನೂ ಕೆಟ್ಟಿಲ್ಲ. ಬನ್ನಿ, ಅವರೆಕಾಳು ಸಾರು ಮಾಡಿರುತ್ತೇನೆ.